ಎಸ್ತ್ರೆಮೋಜ್‌ನ ಕೋಟೆಮನೆಯಲ್ಲಿ ಐದು ರಾತ್ರಿ

ಗುರುವಾರ, ನವೆಂಬರ್ 7, 2024

ಅಕ್ಕ ಅಂಕೋಲೆಯಿಂದ ಲಿಸ್ಬನ್ನಿಗೆ ಬಂದು ಹದಿನೈದು ದಿನಗಳಾಗಿದ್ದವು. ನಗರದ ಏರು ಬೀದಿಗಳನ್ನು ಹತ್ತಿ ಇಳಿದು ಅವಳ ಮಂಡಿ ಸೋತಿತ್ತು. ದಿನಕ್ಕೊಂದು ಊರು ನೋಡುವ ಓಡಾಟ ಅವಳಿಗೆ ಎಂದೂ ಒಗ್ಗಿದ್ದಲ್ಲ. “ತಮ್ಮಾ, ಒಂದೇ ಕಡೆ ನಾಲ್ಕಾರು ದಿನ ಕೂತು ನೋಡುವಂಥ ಊರಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗು” ಎಂದಳು. ನಾನು ಆರಿಸಿದ್ದು ಅಲೆಂತೇಜು ಪ್ರಾಂತದ ಎಸ್ತ್ರೆಮೋಜ್ ಎಂಬ ಸಣ್ಣ ಊರನ್ನು. ಪೋರ್ಚುಗಲ್‌ನ ದ್ರಾಕ್ಷಾರಸದ ಸೀಮೆಗಳಲ್ಲಿ ಉತ್ತರದ ದೋರು ಕಣಿವೆಗೆ ಇರುವಷ್ಟೇ ಹೆಸರು ಈಗ ಅಲೆಂತೇಜುವಿಗೂ ಇದೆ, ಮತ್ತು ಎಸ್ತ್ರೆಮೋಜ್ ಅದರ ನಡುವಿನಲ್ಲಿ, ಬೋರ್ಬಾ ಮತ್ತು ರೆದೊಂದು ಎಂಬ ಎರಡು ದ್ರಾಕ್ಷಿ ಊರುಗಳ ಪಕ್ಕದಲ್ಲೇ ಇದೆ. ಆದರೆ ನನ್ನನ್ನು ಸೆಳೆದದ್ದು ಊರಿನ ನೆತ್ತಿಯ ಮೇಲಿರುವ ತಂಗುಮನೆ. ಅರಸರು ವಾಸವಾಗಿದ್ದ ಕೋಟೆಯೇ ಅಲ್ಲಿ ಈಗ ಹೋಟೆಲಾಗಿದೆ. ಅದಕ್ಕೂ ನಮ್ಮ ಕಾರವಾರದ ಕಡಲಿಗೂ ಇರುವ ನಂಟಿನ ಬಗ್ಗೆ ಅಕ್ಕನಿಗೆ ಮುಂಚೆ ಏನನ್ನೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳಿಗೆ, ಅದರಲ್ಲೂ ಕೊನೆಯ ಹತ್ತು ವರ್ಷ ಕಾರವಾರದ ಬಳಿಯ ಬಿಣಗಾದಲ್ಲೇ ಇದ್ದವಳಿಗೆ, ಅದನ್ನು ಸ್ಥಳದಲ್ಲೇ ಹೇಳಬೇಕೆಂದು ನನ್ನ ಆಸೆಯಾಗಿತ್ತು.

ಬಸ್ಸು ಲಿಸ್ಬನ್ ಬಿಟ್ಟು ತೇಜು ನದಿಯ ಅಳಿವೆಯನ್ನು ದಾಟುವುದು ವಾಸ್ಕೊ ದ ಗಾಮನ ಹೆಸರಿನ ಸೇತುವೆಯ ಮೇಲೆ. ಆತ ಕಲ್ಲಿಕೋಟೆಗೆ ಬಂದು ಐನೂರು ವರ್ಷ ತುಂಬಿದ 1998ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಕಿಟಕಿಯ ಎರಡೂ ಕಡೆ ಬರಿಯ ನೀರೇ ಕಾಣುತ್ತ ಬಹಳ ಹೊತ್ತು ಸಾಗಬೇಕು. ಅಲೆಂತೇಜು ಎಂದರೆ ‘ತೇಜುವಿನ ಆಚೆಯದು’ ಎಂದೇ ಅರ್ಥ. ಆಚೆ ದಡ ಮುಟ್ಟಿ ಒಂದು ಗಂಟೆ ಕಳೆಯುವಷ್ಟರಲ್ಲಿ ಮನೆಗಳು ವಿರಳವಾಗಿ, ಮಳೆ ಬಿದ್ದು ಹೊಸದಾಗಿ ಹಸಿರೇರಿದ ದಿಣ್ಣೆಗಳ ಮೇಲೆ ಬಿಡಿಬಿಡಿಯಾಗಿ ನಿಂತ ಕಾರ್ಕ್ ಮರಗಳು ಕಾಣತೊಡಗಿದವು. ಕೆಲವು ಮರಗಳ ಕಾಂಡ ಬುಡದಿಂದ ಕವಲಿನವರೆಗೆ ತೊಗಟೆ ಕಳಚಿಕೊಂಡು ಕಾವಿ ಬಳಿದಂತೆ ಕೆಂಪಗಿತ್ತು ಮತ್ತು ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ ಬರೆದಿತ್ತು. ಆ ಅಂಕಿ ತೊಗಟೆ ಸುಲಿದ ವರ್ಷದ ಕೊನೆಯ ಅಂಕಿ. ‘4’ ಎಂದಿದ್ದರೆ ಈ 2024ರ ಬೇಸಿಗೆಯಲ್ಲಿ ಸುಲಿದದ್ದು, ಇನ್ನು ಒಂಬತ್ತು ವರ್ಷ ಅದನ್ನು ಮುಟ್ಟುವಂತಿಲ್ಲ. ನೆಟ್ಟ ಸಸಿ ಮೊದಲ ಸುಲಿತಕ್ಕೆ ಬರಲು ಸುಮಾರು ಇಪ್ಪತ್ತೈದು ವರ್ಷ ಬೇಕು. ಆ ಮೊದಲ ತೊಗಟೆಯೂ ಎರಡನೆಯದೂ ಸೀಸೆಯ ಬಿರಡೆಗೆ ಆಗುವುದಿಲ್ಲ, ಮೂರನೆಯದೇ ಆಗಬೇಕು. ಎಂದರೆ ಮರ ನೆಟ್ಟವನು ಅದರ ಬಿರಡೆಯನ್ನು ನೋಡುವ ಹೊತ್ತಿಗೆ ನಲವತ್ತು ವರ್ಷ ದಾಟಿರುತ್ತದೆ. ಲೆಕ್ಕ ಕೇಳಿದ ಅಕ್ಕ, “ನಮ್ಮ ಅಜ್ಜ ಹಲಸು ನೆಟ್ಟ ಹಾಗೆ” ಎಂದಳು.

ಸಂಜೆ ನಾಲ್ಕಕ್ಕೆ ಊರು ತಲುಪಿದೆವು. ಎಸ್ತ್ರೆಮೋಜ್ ಎರಡು ಅಂತಸ್ತಿನ ಊರು. ಕೆಳಗೆ ರೊಸ್ಸಿಯು ಎಂಬ ವಿಶಾಲವಾದ ಬಯಲು, ಅಂಗಡಿ, ಬ್ಯಾಂಕು, ಬಸ್ ನಿಲ್ದಾಣ. ಮೇಲೆ ಗುಡ್ಡದ ತಲೆಯಲ್ಲಿ ಕೋಟೆ, ಹಳೆಯ ಕೇರಿ, ಇಗರ್ಜಿ. ನಡುವೆ ಕಲ್ಲು ಹಾಸಿದ ಕಡಿದಾದ ದಾರಿ. ಅಕ್ಕನ ಮಂಡಿಯನ್ನು ನೆನೆದು ಟ್ಯಾಕ್ಸಿ ಹಿಡಿದೆವು. ದಾರಿಯಂಚಿನ ಕಲ್ಲು, ಮನೆಗಳ ಹೊಸ್ತಿಲು, ಕಿಟಕಿಯ ಚೌಕಟ್ಟು ಎಲ್ಲವೂ ಅಮೃತಶಿಲೆಯವು. ನಮ್ಮಲ್ಲಿ ದೇವರ ಕೋಣೆಗೆಂದು ಆಸೆಪಟ್ಟು ತರಿಸುವ ಕಲ್ಲು ಇಲ್ಲಿ ನೆಲದಡಿಯಲ್ಲಿ ಸಿಗುವ ಸಾಮಾನ್ಯ ಕಲ್ಲು, ಆದ್ದರಿಂದ ಅದನ್ನು ಯಾರೂ ಬಿಗುಮಾನದಿಂದ ಬಳಸುವುದಿಲ್ಲ.

ಹೋಟೆಲಿನ ಸ್ವಾಗತದ ಮೇಜಿನ ಹಿಂದಿದ್ದ ಯುವತಿ ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಂಡು, ಹಿತ್ತಾಳೆಯ ಬಿಲ್ಲೆ ಕಟ್ಟಿದ ಭಾರವಾದ ಕೀಲಿಕೈಯನ್ನು ಅಕ್ಕನ ಕೈಗೆ ಕೊಟ್ಟು “ಶಾವ್” ಎಂದಳು. ಬರವಣಿಗೆಯಲ್ಲಿ ಅದು ‘ಚಾವೆ’. “ಚಾವಿ!” ಎಂದಳು ಅಕ್ಕ, ಏನೋ ಕಳೆದದ್ದು ಸಿಕ್ಕಿದವಳಂತೆ. ನಮ್ಮ ಕರಾವಳಿಯ ಮನೆಗಳಲ್ಲಿ ಬೀಗದ ಕೈಗೆ ಇಂದಿಗೂ ಅದೇ ಮಾತು. ಕೋಣೆಗೆ ಹೋಗಿ ಕುಳಿತ ಮೇಲೂ ಆ ಆಟ ನಿಲ್ಲಲಿಲ್ಲ. ಮೇಜು ಅವರ ಮೇಜಾ, ಅಲಮಾರು ಅವರ ಅರ್ಮಾರಿಯು, ಬಾಲ್ದಿ ಅವರ ಬಾಲ್ದೆ, ಬಟಾಟೆ ಅವರ ಬತಾತಾ, ಪಾವು ಅವರ ಪಾಂವ್. ಒಂದು ಕೋಣೆಯ ಸಾಮಾನುಗಳಲ್ಲಿ ಅರ್ಧದಷ್ಟನ್ನು ಅಂಕೋಲೆಯ ಮಾತಿನಲ್ಲೇ ಹೆಸರಿಸಬಹುದಾಗಿತ್ತು. ಕೋಣೆಯ ಗೋಡೆ ಒಂದು ಮೊಳಕ್ಕಿಂತ ದಪ್ಪ. ಕಿಟಕಿಯ ಗೂಡಿನೊಳಗೇ ಎದುರುಬದುರಾಗಿ ಇಬ್ಬರು ಕುಳಿತುಕೊಳ್ಳಲು ಕಲ್ಲಿನ ಪೀಠಗಳಿದ್ದವು. ನಾಲ್ಕು ಕಂಬದ ಎತ್ತರದ ಮಂಚವನ್ನು ಹತ್ತಲು ಅಕ್ಕ ಮಣೆ ಕೇಳಿದಳು, ತಂದುಕೊಟ್ಟರು.

ಶುಕ್ರವಾರ, ನವೆಂಬರ್ 8

ಬೆಳಿಗ್ಗೆ ಎದ್ದಾಗ ಕಿಟಕಿಯ ಹೊರಗೆ ಮಂಜು ತುಂಬಿತ್ತು. ಒಂಬತ್ತರ ಹೊತ್ತಿಗೆ ಅದು ಕರಗಿ ಮೊದಲು ಕೋಟೆಯ ತೆನೆಗಳು, ಆಮೇಲೆ ಕೆಳಗಿನ ಕೆಂಪು ಹೆಂಚುಗಳು, ಕೊನೆಗೆ ದೂರದ ಓಸಾ ಬೆಟ್ಟಸಾಲು ಕಂಡವು. ಉಪಾಹಾರದ ಕೋಣೆಯ ಕಮಾನುಚಾವಣಿ ದೇವಾಲಯದ ನವರಂಗದಷ್ಟು ಎತ್ತರವಿದ್ದು, ಅಲ್ಲಿ ಮಾತನಾಡುವವರೆಲ್ಲ ತಾವಾಗಿಯೇ ದನಿ ತಗ್ಗಿಸುತ್ತಿದ್ದರು.

ಈ ಮನೆಯ ಕಥೆಯನ್ನು ಅಂದು ಅಕ್ಕನಿಗೆ ಹೇಳಿದೆ. ಹದಿಮೂರನೇ ಶತಮಾನದಲ್ಲಿ ಇಲ್ಲಿ ಕೋಟೆ ಎದ್ದಿತು, ಅದರೊಳಗೆ ದಿನಿಸ್ ದೊರೆ ಅರಮನೆ ಕಟ್ಟಿಸಿದ. ಅವನ ರಾಣಿ ಅರಾಗೊನ್‌ನ ಇಸಬೆಲ್, ಮುಂದೆ 1625ರಲ್ಲಿ ಸಂತಳೆಂದು ಘೋಷಿತಳಾದವಳು. 1336ರಲ್ಲಿ ಅವಳ ಮಗ ಪೋರ್ಚುಗಲ್ ದೊರೆ ನಾಲ್ಕನೇ ಅಫೊನ್ಸುವಿಗೂ ಮೊಮ್ಮಗ ನೆರೆರಾಜ್ಯ ಕಸ್ತೀಲಿಯಾದ ದೊರೆಗೂ ಯುದ್ಧ ಹೊತ್ತಿಕೊಂಡಾಗ, ವಿಧವೆಯಾಗಿ ಕೊಯಿಂಬ್ರಾದ ಮಠದ ಬಳಿ ಉಳಿದಿದ್ದ ಆ ಮುದುಕಿ ಇಬ್ಬರನ್ನೂ ಸಮಾಧಾನಪಡಿಸಲೆಂದು ಬೇಸಿಗೆಯ ಬಿಸಿಲಿನಲ್ಲಿ ಇಲ್ಲಿಯವರೆಗೆ ಬಂದಳು. ಬಂದವಳು ಜ್ವರ ಹಿಡಿದು ಜುಲೈ 4ರಂದು ಇದೇ ಅರಮನೆಯಲ್ಲಿ ತೀರಿಕೊಂಡಳು. ಆ ಅರಮನೆ ಈಗ ಉಳಿದಿಲ್ಲ. 1698ರಲ್ಲಿ ಇಲ್ಲಿ ಕೂಡಿಟ್ಟಿದ್ದ ಮದ್ದಿನ ಪುಡಿ ಸಿಡಿದು ಬಹುಪಾಲು ನೆಲಸಮವಾಯಿತು. ಹದಿನೆಂಟನೇ ಶತಮಾನದಲ್ಲಿ ಐದನೇ ಜುವಾಂವ್ ದೊರೆ ಅದೇ ಜಾಗದಲ್ಲಿ ಶಸ್ತ್ರಾಗಾರವನ್ನು ಕಟ್ಟಿಸಿದ. ಈಗ ನಾವು ಮಲಗುವ ದಪ್ಪ ಗೋಡೆಗಳು, ಅಗಲವಾದ ಅಮೃತಶಿಲೆಯ ಮೆಟ್ಟಿಲುಗಳು ಆ ಕಾಲದವು. ಮಧ್ಯೆ ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗಿ, 1970ರಲ್ಲಿ ಇದು ಪೊಸಾದಾ ಆಯಿತು.

ಪೊಸಾದಾ ಎಂಬ ಮಾತಿಗೆ ಇಳಿದುಕೊಳ್ಳುವ ತಾಣ ಎಂದರ್ಥ. ದೇಶದ ಒಳನಾಡನ್ನು ನೋಡಹೊರಟವರಿಗೆ ತಂಗಲು ನೆಲೆಯಿರಲೆಂದು ಸರಕಾರವೇ ಇವುಗಳನ್ನು ಆರಂಭಿಸಿತು. ಮೊದಲನೆಯದು 1942ರಲ್ಲಿ ಇಲ್ಲಿಗೆ ಹತ್ತಿರದ ಎಲ್ವಾಸ್‌ನಲ್ಲಿ ತೆರೆಯಿತು. ಬಳಿಕ ಪಾಳುಬಿದ್ದ ಕೋಟೆ, ಮಠಗಳನ್ನು ದುರಸ್ತಿಮಾಡಿ ತಂಗುಮನೆಗಳನ್ನಾಗಿಸುವ ಕ್ರಮ ಬೆಳೆಯಿತು. 2003ರಿಂದ ಖಾಸಗಿ ಸಂಸ್ಥೆಯೊಂದು ಇವುಗಳನ್ನು ನಡೆಸುತ್ತಿದೆ. ಹಳೆಯ ಕಟ್ಟಡವನ್ನು ಬೀಗ ಹಾಕಿ ಕಾಪಾಡುವುದಕ್ಕಿಂತ ಅದರಲ್ಲಿ ಜನ ಉಂಡು ಮಲಗಿ ಓಡಾಡುವಂತೆ ಮಾಡುವುದು ಮೇಲು ಎಂಬುದು ನನ್ನ ನಂಬಿಕೆ. ಇಲ್ಲಿನ ಮೆಟ್ಟಿಲುಗಳ ಅಂಚು ಪಾದಗಳಿಂದ ಸವೆದಿರುವುದನ್ನು ನೋಡಿದಾಗ ಅದು ಇನ್ನಷ್ಟು ಗಟ್ಟಿಯಾಯಿತು.

ಹೋಟೆಲಿಗೆ ಅಂಟಿಕೊಂಡೇ ‘ಮೂರು ಕಿರೀಟಗಳ ಗೋಪುರ’ವಿದೆ. ಮೂವರು ದೊರೆಗಳ ಆಳ್ವಿಕೆಯಲ್ಲಿ ಕಟ್ಟಿದ್ದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಎತ್ತರ 27 ಮೀಟರ್. ಅಕ್ಕ ಬೇಡವೆನ್ನಬಹುದೆಂದುಕೊಂಡಿದ್ದೆ, ಆದರೆ ಅವಳು ಮಧ್ಯೆ ಮೂರು ಕಡೆ ಕುಳಿತು ದಣಿವಾರಿಸಿಕೊಂಡು ತುದಿಯವರೆಗೂ ಹತ್ತಿದಳು. ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಎಲೆ ಕೆಂಪೇರಿದ ದ್ರಾಕ್ಷಿ ತೋಟಗಳ ಸಾಲುಗಳು, ಅವುಗಳ ನಡುವೆ ಬೂದುಹಸಿರಿನ ಆಲಿವ್ ಮರಗಳು, ಆಚೆ ಕಲ್ಲುಗಣಿಗಳ ಬಿಳಿಯ ಗುಡ್ಡೆಗಳು. ಅಲ್ಲಿಯೇ ಅವಳಿಗೆ ಉಳಿದದ್ದನ್ನು ಹೇಳಿದೆ. ಮನುಏಲ್ ದೊರೆ ವಾಸ್ಕೊ ದ ಗಾಮನನ್ನು ಭಾರತದ ಹಾದಿ ಹುಡುಕುವ ಹಡಗುಗಳ ನಾಯಕನನ್ನಾಗಿ ಮಾಡಿದ್ದು ಈ ಕೋಟೆಯಲ್ಲಿ ಎಂದು ಊರಿನವರು ಹೇಳಿಕೊಂಡು ಬಂದಿದ್ದಾರೆ, ಆ ಗೌರವ ಪಶ್ಚಿಮದ ಮೊಂತೆಮೋರ್ ಎಂಬ ಊರಿನದೆಂದು ವಾದಿಸುವವರೂ ಇದ್ದಾರೆ. 1497ರ ಜುಲೈ 8ರಂದು ಆತ ಲಿಸ್ಬನ್ನಿನಿಂದ ಹೊರಟ, ಮರುವರ್ಷದ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ, ಮರಳುವ ದಾರಿಯಲ್ಲಿ ಹಡಗಿನ ತಳ ಕೆರೆದು ರಿಪೇರಿ ಮಾಡಿಕೊಳ್ಳಲು, ಸಿಹಿನೀರು ತುಂಬಿಕೊಳ್ಳಲು ನಿಂತದ್ದು ಅಂಜುದೀವದಲ್ಲಿ.

ಅಂಜುದೀವ ಬಿಣಗಾದ ದಡದಿಂದ ಬರಿಗಣ್ಣಿಗೆ ಕಾಣುವ ದ್ವೀಪ. ಆಡಳಿತದ ಲೆಕ್ಕದಲ್ಲಿ ಅದು ಗೋವೆಗೆ ಸೇರಿದ್ದು, ಈಗ ನೌಕಾನೆಲೆಯ ವಶದಲ್ಲಿದೆ. ಆದರೆ ಬಿಣಗಾದ ಮಕ್ಕಳಿಗೆ ಅದು ಶಾಲೆಯ ಹಿಂದಿನ ಸಮುದ್ರದಲ್ಲಿ ನಿಂತ ಹಸಿರು ಗುಡ್ಡ. ಅಕ್ಕ ಪ್ರತಿವರ್ಷ ಐದನೇ ತರಗತಿಯ ಮಕ್ಕಳನ್ನು ದಡಕ್ಕೆ ಕರೆದೊಯ್ದು ಬೆರಳು ಮಾಡಿ ತೋರಿಸಿ ಪಾಠ ಹೇಳುತ್ತಿದ್ದಳು. ಗೋಪುರದ ತೆನೆಗೆ ಕೈಯೂರಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವನು ಎರಡನೇ ಸಲ ಬಂದಾಗ ಮಾಡಿದ್ದನ್ನೂ ಮಕ್ಕಳಿಗೆ ಹೇಳುತ್ತಿದ್ದೆ” ಎಂದಳು. 1502ರಲ್ಲಿ ಮರಳಿ ಬಂದ ಗಾಮ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟು, ಭಟ್ಕಳದಿಂದ ಅಕ್ಕಿಯ ಕಪ್ಪ ಕಸಿದುಕೊಂಡದ್ದು ಪೋರ್ಚುಗೀಸರದೇ ಹಳೆಯ ಬಖೈರುಗಳಲ್ಲಿದೆ. ಇಷ್ಟು ಸುಂದರವಾದ ಬೆಳಗಿನಲ್ಲಿ ಅದನ್ನು ನೆನೆಯದೇ ಇರುವುದು ಸುಲಭವಾಗಿತ್ತು. ಅಕ್ಕ ನೆನೆದಳು, ನನಗೆ ಅದು ಹಿತವೆನಿಸಿತು.

ಇಳಿದು ಬಂದು ಸಂತ ರಾಣಿಯ ಚಿಕ್ಕ ಪ್ರಾರ್ಥನಾಮಂದಿರಕ್ಕೆ ಹೋದೆವು. ಗೋಡೆಗಳ ತುಂಬ ನೀಲಿ ಬಿಳುಪಿನ ಅಜುಲೇಜು ಬಿಲ್ಲೆಗಳಲ್ಲಿ ಅವಳ ಬದುಕಿನ ಚಿತ್ರಗಳು. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಗುಲಾಬಿಯ ಪವಾಡ. ಬಡವರಿಗೆಂದು ಮಡಿಲಿನಲ್ಲಿ ರೊಟ್ಟಿ ಒಯ್ಯುತ್ತಿದ್ದ ರಾಣಿಯನ್ನು ದೊರೆ ತಡೆದು ಏನೆಂದು ಕೇಳಿದಾಗ ಅವಳು ಗುಲಾಬಿ ಎಂದಳಂತೆ, ಚಳಿಗಾಲದಲ್ಲಿ ಎಲ್ಲಿಯ ಗುಲಾಬಿ ಎಂದು ಅವನು ಸೆರಗು ಬಿಡಿಸಿದರೆ ಹೂವೇ ಇತ್ತಂತೆ.

ಶನಿವಾರ, ನವೆಂಬರ್ 9

ಶನಿವಾರ ಎಸ್ತ್ರೆಮೋಜ್‌ನ ಸಂತೆ. ಇಡೀ ರೊಸ್ಸಿಯು ಬಯಲು ಬೆಳಿಗ್ಗೆ ಏಳಕ್ಕೇ ತುಂಬಿರುತ್ತದೆ. ಒಂದು ಬದಿಯಲ್ಲಿ ಸೊಪ್ಪು, ಕಾಯಿ, ಆಲಿವ್, ಕುರಿಹಾಲಿನ ಗಿಣ್ಣು, ಜೇನು, ಗೂಡಿನೊಳಗಿನ ಕೋಳಿ. ಇನ್ನೊಂದು ಬದಿಯಲ್ಲಿ ಹಳೆಯ ಸಾಮಾನು: ತುಕ್ಕು ಹಿಡಿದ ಕೀಲಿಕೈಗಳು, ತಾಮ್ರದ ಪಾತ್ರೆ, ದನದ ಗಂಟೆ, ಮುರಿದ ಅಜುಲೇಜು, ಕಾರ್ಕ್ ತೊಗಟೆಯಲ್ಲಿ ಕೊರೆದು ಮಾಡಿದ ನೀರಿನ ಬಟ್ಟಲು. ಅಕ್ಕ ಕೊತ್ತಂಬರಿ ಸೊಪ್ಪಿನ ಕಂತೆಗಳ ಮುಂದೆ ನಿಂತುಬಿಟ್ಟಳು. ಯೂರೋಪಿನ ಬೇರೆಡೆ ಹುಡುಕಿ ಕೊಳ್ಳಬೇಕಾದ ಆ ಸೊಪ್ಪು ಅಲೆಂತೇಜುವಿನ ಅಡುಗೆಯ ಜೀವಾಳ.

ಅದರ ರುಚಿ ಗೊತ್ತಾದದ್ದು ಮಧ್ಯಾಹ್ನದ ಊಟದಲ್ಲಿ. ಕೆಳಪೇಟೆಯ ಒಂದು ಸಣ್ಣ ಊಟದ ಮನೆಯಲ್ಲಿ ಅಸೋರ್ದಾ ತರಿಸಿದೆವು. ಬೆಳ್ಳುಳ್ಳಿ, ಕಲ್ಲುಪ್ಪು, ಕೊತ್ತಂಬರಿಯನ್ನು ಒರಳಿನಲ್ಲಿ ಜಜ್ಜಿ, ಆಲಿವ್ ಎಣ್ಣೆ ಸುರಿದು, ಮೇಲೆ ಕುದಿವ ನೀರು ಹೊಯ್ದು, ಅದರೊಳಗೆ ಹಿಂದಿನ ದಿನದ ಗಟ್ಟಿ ರೊಟ್ಟಿಯ ತುಂಡುಗಳನ್ನು ನೆನೆಹಾಕಿ, ಒಂದು ಮೊಟ್ಟೆಯನ್ನು ನೀರಿನಲ್ಲೇ ಬೇಯಿಸಿ ಇಟ್ಟುಕೊಡುತ್ತಾರೆ. ಅಷ್ಟೇ ಅಡುಗೆ. ಗೋಧಿ ಬೆಳೆದೂ ಕೈಯಲ್ಲಿ ಕಾಸಿಲ್ಲದಿದ್ದ ಕೂಲಿಗಳು ಹೊಲದ ಬದಿಯ ಸೊಪ್ಪಿನಿಂದ ಹೊಟ್ಟೆ ತುಂಬಿಸಿಕೊಂಡ ಬಗೆ ಇದು. ಈಗ ಅರಮನೆಯ ಹೋಟೆಲಿನಲ್ಲೂ ಸಿಗುತ್ತದೆ. ಅಕ್ಕನಿಗೆ ಬೆಳ್ಳುಳ್ಳಿ ಸಾರಿಗೆ ಅನ್ನದ ಬದಲು ರೊಟ್ಟಿ ಬಿದ್ದಂತೆ ಕಂಡಿತು, ಎರಡನೇ ಸಲ ಹಾಕಿಸಿಕೊಂಡಳು.

ಮಧ್ಯಾಹ್ನದ ಮೇಲೆ ಕೋಟೆಯ ಎದುರಿಗೇ ಇರುವ ಪುರಸಭೆಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಎಸ್ತ್ರೆಮೋಜ್‌ನ ಬೊನೆಕು ಎಂಬ ಮಣ್ಣಿನ ಗೊಂಬೆಗಳ ದೊಡ್ಡ ಸಂಗ್ರಹ ಅಲ್ಲಿದೆ. ಈ ಕಸುಬು ಮುನ್ನೂರು ವರ್ಷಗಳಿಗೂ ಹಳೆಯದು. ಉಂಡೆ, ಬತ್ತಿ, ಹಲಗೆ ಎಂಬ ಮೂರು ಆಕಾರಗಳಲ್ಲಿ ಮಣ್ಣನ್ನು ತಟ್ಟಿ ಹೊಸೆದು, ಅವುಗಳನ್ನೇ ಜೋಡಿಸಿ ದೇಹ, ತೋಳು, ಲಂಗ ಮಾಡುತ್ತಾರೆ. ಒಣಗಿಸಿ ಸುಟ್ಟ ಮೇಲೆ ಬಣ್ಣ. ತಲೆಯ ಮೇಲೆ ಹೂವಿನ ಕಮಾನು ಹೊತ್ತ ‘ವಸಂತ’, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ‘ಪ್ರೀತಿ ಕುರುಡು’, ಮಡಿಲಲ್ಲಿ ಗುಲಾಬಿ ಹಿಡಿದ ಸಂತ ರಾಣಿ. ಜೊತೆಗೆ ಕುರಿ ಕಾಯುವವನು, ಹಂದಿ ಕಡಿಯುವವನು, ಒಲೆಯ ಮುಂದೆ ಕುಳಿತ ಮುದುಕಿ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಿಸ್ತಜನನದ ಗೊಂಬೆಗಳನ್ನು ಕಂಡು ಅಕ್ಕ ತಟ್ಟನೆ ಮೈಸೂರಿನ ನವರಾತ್ರಿಯ ಗೊಂಬೆಸಾಲನ್ನು ನೆನೆದಳು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಕಸುಬು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1935ರಲ್ಲಿ ಇಲ್ಲಿನ ಕೈಗಾರಿಕಾ ಶಾಲೆಯಲ್ಲಿದ್ದ ಶಿಲ್ಪಿ ಜುಜೆ ಮರಿಯಾ ಸಾ ಲೆಮುಸ್, ಗೊಂಬೆ ಮಾಡುವುದನ್ನು ಬಲ್ಲ ಕೊನೆಯವಳೆನಿಸಿದ್ದ ಆನಾ ದಾಸ್ ಪೆಲೆಸ್ ಎಂಬ ಮುದುಕಿಯನ್ನು ಹುಡುಕಿ, ಅವಳ ಕೈಯಿಂದ ಮತ್ತೆ ಗೊಂಬೆ ಮಾಡಿಸಿ, ಆ ಕೈಗಳು ಮಾಡುವುದನ್ನು ನೋಡಿ ಇತರರು ಕಲಿಯುವಂತೆ ಮಾಡಿದ. ಅವಳಿಂದ ಹರಿದ ವಿದ್ಯೆ ಉಳಿಯಿತು, 2017ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೊಂಬೆಗಳ ಬೀರುಗಳ ನಡುವೆ ನಡೆಯುತ್ತ ನನ್ನ ತಲೆಯಲ್ಲಿ ಇದ್ದದ್ದು ಆ ಶಿಲ್ಪಿ ಅವಳ ಬಾಗಿಲು ತಟ್ಟಿದ ಗಳಿಗೆ ಮಾತ್ರ. ಇನ್ನೈದು ವರ್ಷ ತಡವಾಗಿದ್ದರೆ?

ಬರುವಾಗ ಅಕ್ಕ ಒಂದು ಕೆಂಪು ಮಣ್ಣಿನ ತಂಬಿಗೆ ಕೊಂಡಳು. ಹಸಿ ಮಣ್ಣಿನ ಮೈಗೆ ಬಿಳಿಯ ಕಲ್ಲುಹರಳುಗಳನ್ನು ಒತ್ತಿ ಬಳ್ಳಿ ಬಿಡಿಸಿದ ಈ ಬಗೆಯ ತಂಬಿಗೆಗಳನ್ನು ಹಿಂದೆ ಅರಮನೆಗಳಿಗೂ ಒಯ್ಯುತ್ತಿದ್ದರು, ಅದರಲ್ಲಿಟ್ಟ ನೀರಿಗೆ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ.

ಭಾನುವಾರ, ನವೆಂಬರ್ 10

ಎಸ್ತ್ರೆಮೋಜ್, ಬೋರ್ಬಾ, ವಿಲಾ ವಿಸೋಜಾ ಮೂರೂ ಒಂದೇ ಅಮೃತಶಿಲೆಯ ಪದರದ ಮೇಲೆ ಕುಳಿತ ಊರುಗಳು. ರೋಮನ್ನರ ಕಾಲದಿಂದ ಇಲ್ಲಿ ಕಲ್ಲು ತೆಗೆಯುತ್ತಿದ್ದಾರೆ. ಎವೊರಾದ ರೋಮನ್ ದೇವಾಲಯದ ಕಂಬಗಳ ತಲೆಗಳು ಇಲ್ಲಿನ ಕಲ್ಲೇ. ವಿಲಾ ವಿಸೋಜಾಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋಗುವಾಗ ರಸ್ತೆಯ ಎರಡೂ ಬದಿಗೆ ಗಣಿಗಳು, ಕ್ರೇನುಗಳು, ಮನೆಯಷ್ಟು ದೊಡ್ಡ ಕಲ್ಲುಗಳ ರಾಶಿ. ಕೆಲವು ಗಣಿಗಳ ಆಳ ನೂರು ಮೀಟರ್ ದಾಟುತ್ತದೆ. ಇಳಿದು ಒಂದರ ಅಂಚಿನ ಬೇಲಿಯಿಂದ ಇಣುಕಿದಾಗ, ಮೆಟ್ಟಿಲುಬಾವಿಯೊಂದನ್ನು ದೈತ್ಯರು ತೋಡಿದಂತೆ ನೇರ ಬಿಳಿ ಗೋಡೆಗಳು, ತಳದಲ್ಲಿ ಹಸಿರು ನೀರು. 2018ರ ನವೆಂಬರ್ 19ರಂದು ಬೋರ್ಬಾ ಮತ್ತು ವಿಲಾ ವಿಸೋಜಾ ನಡುವಿನ ಹಳೆಯ ರಸ್ತೆ, ಇಕ್ಕೆಲದ ಗಣಿಗಳ ನಡುವೆ ತೆಳುವಾಗಿ ಉಳಿದಿದ್ದದ್ದು, ಕುಸಿದು ಐವರು ಸತ್ತರು. ಟ್ಯಾಕ್ಸಿಯವರು ಆ ಮಾತು ಬಂದಾಗ ವೇಗ ತಗ್ಗಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ವಿಲಾ ವಿಸೋಜಾದಲ್ಲಿ ಇರುವುದು ಬ್ರಗಾನ್ಸಾ ಮನೆತನದ ಅರಮನೆ. 1501ರಲ್ಲಿ ಕಟ್ಟತೊಡಗಿದ್ದು, ಮುಂಭಾಗದ ಉದ್ದ 110 ಮೀಟರ್, ಪೂರ್ತಿ ಅಮೃತಶಿಲೆ. 1640ರಲ್ಲಿ ಸ್ಪೇನಿನ ಹಿಡಿತದಿಂದ ದೇಶವನ್ನು ಬಿಡಿಸಿದಾಗ ದೊರೆಯಾದವನು ಇಲ್ಲಿನ ಡ್ಯೂಕನೇ. ಕೊನೆಯ ದೊರೆಗಳಲ್ಲೊಬ್ಬನಾದ ಕಾರ್ಲುಸ್ 1908ರ ಫೆಬ್ರವರಿ 1ರಂದು ಇಲ್ಲಿಂದಲೇ ರೈಲು ಹತ್ತಿ ಹೊರಟು ಅದೇ ಸಂಜೆ ಲಿಸ್ಬನ್ನಿನ ಚೌಕದಲ್ಲಿ ಹಿರಿಯ ಮಗನೊಂದಿಗೆ ಗುಂಡಿಗೆ ಬಲಿಯಾದ. ಅವನ ಕೋಣೆಗಳನ್ನು ಹಾಗೆಯೇ ಇಟ್ಟಿದ್ದಾರೆ. ಅಡುಗೆಮನೆಯಲ್ಲಿ ನೂರಾರು ತಾಮ್ರದ ಪಾತ್ರೆಗಳು ಸಾಲಾಗಿ ಹೊಳೆಯುತ್ತವೆ.

ಆದರೆ ನಮಗೆ ಬೇಕಾಗಿದ್ದವಳು ಇನ್ನೊಬ್ಬಳು. 1638ರ ನವೆಂಬರ್ 25ರಂದು ಈ ಅರಮನೆಯಲ್ಲಿ ಕತರೀನಾ ಹುಟ್ಟಿದಳು. ಅವಳ ತಾಯಿ ರಾಣಿ ಲುಯಿಜಾಳೇ ಎಸ್ತ್ರೆಮೋಜ್ ಕೋಟೆಯ ಆ ನೀಲಿ ಬಿಲ್ಲೆಗಳ ಪ್ರಾರ್ಥನಾಮಂದಿರವನ್ನು ಕಟ್ಟಿಸಿದವಳು. ಸ್ಪೇನಿನ ವಿರುದ್ಧ ಬೆಂಬಲ ಬೇಕಾಗಿದ್ದ ಆ ತಾಯಿ ಮಗಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೆ ಕೊಟ್ಟಳು. 1661ರ ಒಪ್ಪಂದದಲ್ಲಿ ವರದಕ್ಷಿಣೆಯಾಗಿ ಹೋದವುಗಳಲ್ಲಿ ಮುಂಬಯಿಯೂ ಒಂದು. ಇಷ್ಟು ಎಲ್ಲ ಪಾಠಪುಸ್ತಕಗಳಲ್ಲಿದೆ. ಮುಂದಿನದು ಕಾರವಾರದ ಕಥೆ. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು ಐನೂರು ಸೈನಿಕರೊಂದಿಗೆ 1662ರಲ್ಲಿ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಊರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಬೇರೆಲ್ಲೂ ಇಳಿಯಲಾಗದೆ ಆ ದಂಡು ಬಂದು ಬಿಡಾರ ಹೂಡಿದ್ದು ಅಂಜುದೀವದಲ್ಲಿ. ಮಳೆ, ಜ್ವರ, ಹೊಟ್ಟೆಗಿಲ್ಲದ ಅವಸ್ಥೆಯಲ್ಲಿ ಸುಮಾರು ಎರಡು ವರ್ಷ ಕಳೆದು, 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. ಮರುವರ್ಷ ಮುಂಬಯಿ ಕೈಗೆ ಬಂದಾಗ ಬದುಕುಳಿದವರು ನೂರರ ಆಸುಪಾಸು.

“ಆ ಗುಡ್ಡದಲ್ಲಿ ಗೋರಿಗಳಿವೆಯೆಂದು ಬಿಣಗಾದ ಹಿರಿಯರು ಹೇಳುತ್ತಿದ್ದರು, ಯಾರವೆಂದು ಅವರಿಗೂ ಗೊತ್ತಿರಲಿಲ್ಲ” ಎಂದಳು ಅಕ್ಕ. ಕತರೀನಾಳ ಚಿತ್ರಪಟದ ಎದುರು ಅವಳು ನಿಂತದ್ದು ಮದುವೆಯಾಗಿ ದೂರದೇಶಕ್ಕೆ ಹೋದ ಹುಡುಗಿಯ ಎದುರು ನಿಂತಂತೆ, ಸಿಟ್ಟಿನಿಂದಲ್ಲ. ಇಪ್ಪತ್ಮೂರರ ಆ ಹೆಣ್ಣಿಗೆ ತಾನು ಯಾವ ಬೆಲೆಗೆ ಹೋಗುತ್ತಿದ್ದೇನೆಂದು ಗೊತ್ತಿದ್ದರೂ ಅಂಜುದೀವವೆಂಬ ಹೆಸರು ಎಲ್ಲಿ ಗೊತ್ತಿರಬೇಕು?

ರಾತ್ರಿ ಹೋಟೆಲಿನ ಊಟದ ಕೊನೆಗೆ ಸೆರಿಕಾಯಾ ಬಂತು. ಹಾಲು, ಮೊಟ್ಟೆ, ಸಕ್ಕರೆ ಕೂಡಿಸಿ, ಮೇಲೆ ದಾಲ್ಚಿನ್ನಿ ಪುಡಿ ಧಾರಾಳವಾಗಿ ಉದುರಿಸಿ, ಮಣ್ಣಿನ ತಟ್ಟೆಯಲ್ಲಿ ಮೇಲ್ಮೈ ಬಿರಿಯುವಂತೆ ಬೇಯಿಸಿದ ಸಿಹಿ. ಪಕ್ಕದಲ್ಲಿ ಎಲ್ವಾಸ್‌ನ ಪಾಕದ ಪ್ಲಮ್ ಹಣ್ಣು. 1558ರಿಂದ 1561ರವರೆಗೆ ಗೋವೆಯಲ್ಲಿ ವೈಸರಾಯ್ ಆಗಿದ್ದ ಬ್ರಗಾನ್ಸಾ ಮನೆತನದ ಕೊನ್‌ಸ್ತಾಂತೀನು ಇದನ್ನು ಪೂರ್ವದಿಂದ ತಂದನೆಂದು ಇಲ್ಲಿನವರು ಹೇಳುತ್ತಾರೆ. ಅಕ್ಕ ಒಂದು ಚಮಚ ಬಾಯಿಗಿಟ್ಟು, “ಗಿಣ್ಣದ ಹಾಗಿದೆ, ಏಲಕ್ಕಿ ಒಂದಿಲ್ಲ” ಎಂದು ಪೂರ್ತಿ ತಿಂದಳು.

ಸೋಮವಾರ, ನವೆಂಬರ್ 11

ಇಂದು ಸಂತ ಮಾರ್ಟಿನನ ದಿನ. ಅಂದು ಉಗ್ರಾಣಕ್ಕೆ ಹೋಗಿ ಹೊಸ ದ್ರಾಕ್ಷಾರಸದ ರುಚಿ ನೋಡು ಎಂಬ ಗಾದೆ ಇಲ್ಲಿ ಮಕ್ಕಳಿಗೂ ಬರುತ್ತದೆ. ಆ ದಿನಗಳಲ್ಲಿ ಒಮ್ಮೆ ಮೋಡ ಸರಿದು ಬಿಸಿಲು ಬೀಳುವುದನ್ನು ‘ಸಂತ ಮಾರ್ಟಿನನ ಬೇಸಿಗೆ’ ಎನ್ನುತ್ತಾರೆ. ಈ ವರ್ಷ ಅದು ತಪ್ಪಲಿಲ್ಲ. ಸ್ವೆಟರ್ ಕಳಚಿ ತೋಳಿನ ಮೇಲೆ ಹಾಕಿಕೊಂಡು ಬೋರ್ಬಾಕ್ಕೆ ಹೋದೆವು.

ಬೋರ್ಬಾದಲ್ಲಿ 1955ರಿಂದ ಬೆಳೆಗಾರರ ಸಹಕಾರಿ ದ್ರಾಕ್ಷಾರಸ ಘಟಕವಿದೆ, ಸ್ಟೀಲಿನ ತೊಟ್ಟಿಗಳ ದೊಡ್ಡ ವ್ಯವಹಾರ. ನಾವು ಹುಡುಕಿಕೊಂಡು ಹೋದದ್ದು ಓಣಿಯೊಂದರ ಹಳೆಯ ತಬೇರ್ನಾ, ಎಂದರೆ ದ್ರಾಕ್ಷಾರಸದ ಅಂಗಡಿ. ಬಾಗಿಲು ದಾಟಿದರೆ ಕತ್ತಲೆ, ತಂಪು, ಹುಳಿವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯುದ್ದಕ್ಕೆ ಆಳೆತ್ತರದ ಮಣ್ಣಿನ ಗುಡಾಣಗಳು ಸಾಲಾಗಿ ನಿಂತಿರುವುದು ಕಂಡಿತು. ಇವನ್ನು ತಾಲ್ಯಾ ಎನ್ನುತ್ತಾರೆ. ಗುಡಾಣದಲ್ಲಿ ದ್ರಾಕ್ಷಾರಸ ಮಾಡುವ ಪದ್ಧತಿ ರೋಮನ್ನರಿಂದ ಬಂದದ್ದು, ಎರಡು ಸಾವಿರ ವರ್ಷಗಳಿಂದ ಅಲೆಂತೇಜುವಿನ ಹಳ್ಳಿಗಳಲ್ಲಿ ನಿಲ್ಲದೆ ನಡೆದಿದೆ. ಅಂಗಡಿಯ ಹಿರಿಯರು ಕೈಸನ್ನೆಯೊಂದಿಗೆ ವಿವರಿಸಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಗುಡಾಣದ ಒಳಮೈಗೆ ಮೊದಲು ಪೈನ್ ಮರದ ರಾಳವನ್ನು ಕಾಯಿಸಿ ಬಳಿಯುತ್ತಾರೆ, ಇಲ್ಲದಿದ್ದರೆ ಮಣ್ಣು ರಸವನ್ನು ಹೀರಿಬಿಡುತ್ತದೆ. ಸೆಪ್ಟೆಂಬರಿನಲ್ಲಿ ಕೊಯ್ದ ದ್ರಾಕ್ಷಿಯನ್ನು ಒಡೆದು, ರಸ, ಸಿಪ್ಪೆ, ಬೀಜ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. ಕೆಲವೇ ದಿನಗಳಲ್ಲಿ ಅದು ತಾನಾಗಿ ಹುದುಗೇಳುತ್ತದೆ. ಸಿಪ್ಪೆ ಮೇಲೆ ತೇಲಿ ಗಟ್ಟಿ ಮುಚ್ಚಳದಂತೆ ಕೂತುಬಿಟ್ಟರೆ ಒಳಗಿನ ಒತ್ತಡಕ್ಕೆ ಗುಡಾಣವೇ ಸಿಡಿಯಬಹುದು, ಅದಕ್ಕೆ ದಿನಕ್ಕೆ ಎರಡು ಮೂರು ಸಲ ಮರದ ಕೋಲಿನಿಂದ ಅದನ್ನು ಒಳಕ್ಕೆ ಒತ್ತಬೇಕು. ಹುದುಗು ಇಳಿದ ಮೇಲೆ ಸಿಪ್ಪೆ, ಬೀಜಗಳು ನಿಧಾನವಾಗಿ ತಳಕ್ಕೆ ಕುಸಿದು ಕೂರುತ್ತವೆ. ಸಂತ ಮಾರ್ಟಿನನ ದಿನ ತಳದ ಹತ್ತಿರ ಇರುವ ತೂತಿಗೆ ನಲ್ಲಿ ಹೊಡೆದಾಗ, ರಸ ಆ ಚರಟದ ಪದರದ ಮೂಲಕವೇ ಸೋಸಿಕೊಂಡು ತಿಳಿಯಾಗಿ ಇಳಿಯುತ್ತದೆ. ಬೇರೆ ಬಟ್ಟೆ, ಜರಡಿ, ಯಂತ್ರ ಏನೂ ಬೇಡ. 2010ರಿಂದ ಈ ಪದ್ಧತಿಗೆ ಕಾನೂನಿನ ಮಾನ್ಯತೆಯೂ ಇದೆ, ಸಂತ ಮಾರ್ಟಿನನ ದಿನದವರೆಗೆ ರಸ ಸಿಪ್ಪೆಯ ಜೊತೆ ಗುಡಾಣದಲ್ಲೇ ಇರಬೇಕೆಂಬುದು ಅದರ ನಿಯಮ.

ಹಿರಿಯರು ಮರದ ಬೆಣೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರು. ಮೊದಲು ಮಬ್ಬಾಗಿ, ಆಮೇಲೆ ಹುಲ್ಲಿನ ಬಣ್ಣದ ತೆಳು ಧಾರೆಯಾಗಿ ಬಿಳಿ ದ್ರಾಕ್ಷಿಯ ರಸ ಮಣ್ಣಿನ ತಟ್ಟೆಗೆ ಬಿದ್ದಿತು. ನಾನು ಕುಡಿದೆ. ಸೀಸೆಯ ದ್ರಾಕ್ಷಾರಸದ ನಯ ಅದರಲ್ಲಿರಲಿಲ್ಲ. ತುಸು ಒಗರು, ತುಸು ರಾಳದ ಘಮ, ನಾಲಗೆಯ ಅಂಚಿನಲ್ಲಿ ಮಣ್ಣಿನ ತಂಪು. ಇನ್ನೊಂದು ಗುಡಾಣದ ಕೆಂಪು ರಸವನ್ನೂ ಸುರಿದುಕೊಟ್ಟರು. ಅದರಲ್ಲಿ ಬೆರೆತ ಅಲಿಕಾಂತೆ ಬೂಷೆ ಎಂಬ ದ್ರಾಕ್ಷಿಗೆ ಸಿಪ್ಪೆಯಷ್ಟೇ ಅಲ್ಲ, ತಿರುಳೂ ಕೆಂಪಾದ್ದರಿಂದ ಲೋಟದ ಅಂಚಿನವರೆಗೂ ಬಣ್ಣ ಗಾಢವಾಗಿತ್ತು. ಹುಟ್ಟೂರು ಫ್ರಾನ್ಸಾದರೂ ಈ ದ್ರಾಕ್ಷಿ ತನ್ನ ಮನೆ ಮಾಡಿಕೊಂಡದ್ದು ಅಲೆಂತೇಜುವಿನ ಬಿಸಿಲಿನಲ್ಲಿ. ಅಕ್ಕ ದ್ರಾಕ್ಷಾರಸ ಮುಟ್ಟುವವಳಲ್ಲ. ಅವಳಿಗೆ ಹಿರಿಯರು ಬೂದಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಗಳನ್ನು ಕಾಗದದ ಪೊಟ್ಟಣದಲ್ಲಿ ತುಂಬಿಕೊಟ್ಟು, ದುಡ್ಡು ಬೇಡವೆಂದರು. ಅವಳು ಗುಡಾಣದ ಮೈಯನ್ನು ಅಂಗೈಯಿಂದ ಸವರಿ, ನಮ್ಮ ಅಜ್ಜಿಯ ಮನೆಯ ಅಟ್ಟದಡಿಯಲ್ಲಿ ಕೊಚ್ಚಕ್ಕಿ ತುಂಬಿಡುತ್ತಿದ್ದ ಗುಡಾಣ ಒಡೆದ ದಿನ ಅಜ್ಜಿ ಅತ್ತದ್ದನ್ನು ಹೇಳಿದಳು. ಅದನ್ನು ಹಿರಿಯರಿಗೆ ಹೇಳಿದಾಗ ಅವರು ಒಳಗಿನ ಮೂಲೆಗೆ ಕರೆದೊಯ್ದು, ಬಿರುಕುಬಿಟ್ಟ ಒಂದು ತಾಲ್ಯಾಕ್ಕೆ ಕಬ್ಬಿಣದ ತಂತಿಯ ಹೊಲಿಗೆ ಹಾಕಿ ಉಳಿಸಿಕೊಂಡಿರುವುದನ್ನು ತೋರಿಸಿದರು. ಇಷ್ಟು ದೊಡ್ಡ ಗುಡಾಣ ಮಾಡಬಲ್ಲ ಕುಂಬಾರರು ಈಗ ವಿರಳ, ಆದ್ದರಿಂದ ಇದ್ದವುಗಳನ್ನೇ ಕಾಪಾಡಿಕೊಳ್ಳುತ್ತಾರೆ.

ಸಂಜೆ ಕೋಟೆಗೆ ಮರಳಿ, ಕಿಟಕಿಯ ಗೂಡಿನ ಕಲ್ಲಿನ ಪೀಠಗಳಲ್ಲಿ ಎದುರುಬದುರಾಗಿ ಕುಳಿತು ಉಳಿದ ಚೆಸ್ಟ್‌ನಟ್ ಸುಲಿದು ತಿಂದೆವು. ಕೆಳಗಿನ ಊರಿನಲ್ಲಿ ಅಲ್ಲಲ್ಲಿ ಬೆಂಕಿ ಹಾಕಿದ್ದರು, ಹೊಗೆ ನೇರವಾಗಿ ಮೇಲಕ್ಕೇರುತ್ತಿತ್ತು. ದಕ್ಷಿಣಕ್ಕೆ ಕತ್ತಲಲ್ಲಿ ಕಾಣದಷ್ಟು ದೂರದಲ್ಲಿ ವಿದಿಗೇರಾ ಎಂಬ ಇನ್ನೊಂದು ದ್ರಾಕ್ಷಿ ಊರಿದೆ. 1519ರಲ್ಲಿ ಗಾಮನಿಗೆ ಆ ಊರಿನ ಕೌಂಟ್ ಪದವಿ ಸಿಕ್ಕಿತು. 1524ರಲ್ಲಿ ಕೊಚ್ಚಿಯಲ್ಲಿ ಸತ್ತ ಅವನ ಎಲುಬುಗಳನ್ನು ಹದಿನೈದು ವರ್ಷಗಳ ಮೇಲೆ ತಂದು ಹೂಳಿದ್ದೂ ಅಲ್ಲಿಯೇ. ಅಲ್ಲಿಗೂ ಹೋಗೋಣವೇ ಎಂದು ಕೇಳಿದೆ. ಅಕ್ಕ ಸ್ವಲ್ಪ ಯೋಚಿಸಿ, “ಬೇಡ, ಅವನನ್ನು ನೋಡಿದ್ದಾಯಿತು. ಆ ಗೊಂಬೆ ಮಾಡುವ ಮುದುಕಿಯ ಮನೆ ಎಲ್ಲಿತ್ತೆಂದು ಕೇಳು, ನಾಳೆ ಬಸ್ಸಿನ ಮೊದಲು ಆ ಓಣಿಯಲ್ಲಿ ನಡೆದು ಬರೋಣ” ಎಂದಳು.

ಮಂಗಳವಾರ, ನವೆಂಬರ್ 12

ಮನೆ ಯಾವುದೆಂದು ನಾವು ಕೇಳಿದವರಲ್ಲಿ ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ಕೋಟೆಯಿಂದ ಇಳಿಯುವ ಓಣಿಯ ಒಂದು ಕಾರ್ಯಾಗಾರದ ಬಾಗಿಲು ತೆರೆದಿತ್ತು. ಒಳಗೆ ಹೆಂಗಸೊಬ್ಬರು ಬೆಳಕಿಗೆ ಮುಖ ಮಾಡಿ ಕುಳಿತು ಬತ್ತಿಯಂತೆ ಹೊಸೆದ ಮಣ್ಣಿನಿಂದ ‘ವಸಂತ’ದ ತಲೆಯ ಮೇಲಿನ ಕಮಾನನ್ನು ಬಾಗಿಸುತ್ತಿದ್ದರು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ಅವರು ತಲೆಯೆತ್ತಿ ನಕ್ಕು, ಕೆಲಸ ನಿಲ್ಲಿಸದೆ, ಪಕ್ಕದ ಮಣೆಯನ್ನು ಕಾಲಿನಿಂದ ಇವಳತ್ತ ಸರಿಸಿದರು. ಹನ್ನೊಂದರ ಬಸ್ಸು ತಪ್ಪಿತು, ಎರಡೂವರೆಯದಕ್ಕೆ ಹೊರಟೆವು. ಮಣ್ಣಿನ ತಂಬಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಕ್ಕ ಲಿಸ್ಬನ್ನಿನವರೆಗೂ ಮಡಿಲಿನಲ್ಲೇ ಇಟ್ಟುಕೊಂಡಿದ್ದಳು.